ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕಡೆಯವರು ಜ್ವರಕ್ಕೂ ಮಂಗಳೂರಿಗೆ ಓಡುತ್ತಾರೆ. ಊರಿನ ಆರೋಗ್ಯ ಕೇಂದ್ರ ಸುಧಾರಿಸುವುದು ಹೇಗೆ?

ಕಟ್ಟಡ, ಬಣ್ಣ, ಟೋಕನ್ ಯಂತ್ರ ಎಲ್ಲ ಆಮೇಲಿನ ಮಾತು. ಹೋದಾಗ ಡಾಕ್ಟರು ಇರಬೇಕು, ಅವರು ಹೇಳಿದ್ದು ನಮಗೆ ತಿಳಿಯಬೇಕು.

ಮೊದಲನೆಯದಕ್ಕೆ ದಾರಿ ಆಗಲೇ ಇದೆ. 2017ರಲ್ಲಿ ಶುರುವಾದ ಆರ್ದ್ರಂ ಮಿಷನ್ ಕೇರಳದ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬಾರೋಗ್ಯ ಕೇಂದ್ರಗಳಾಗಿ ಬದಲಿಸತೊಡಗಿತು: ಸಂಜೆ 6ರವರೆಗೆ ಒಪಿ (ಹೊರರೋಗಿಗಳ ತಪಾಸಣೆ), ಡಾಕ್ಟರನ್ನು ಕಾಣುವ ಮೊದಲೇ ನರ್ಸ್ ಬಿಪಿ, ತೂಕ ನೋಡಿ ಬರೆದಿಡುವುದು, ಅಲ್ಲೇ ಲ್ಯಾಬ್. ನಮ್ಮದೇ ಜಿಲ್ಲೆಯ ಕಯ್ಯೂರಿನ ಕೇಂದ್ರ ರಾಷ್ಟ್ರೀಯ ಗುಣಮಟ್ಟ ಪರಿಶೀಲನೆಯಲ್ಲಿ ಶೇ. 99 ಅಂಕ ಪಡೆದಿತ್ತು. ಕಾಸರಗೋಡಿನಲ್ಲಿ ಇದೆಲ್ಲ ಆಗದು ಎನ್ನುವವರಿಗೆ ಇಷ್ಟು ಸಾಕು.

ನಮ್ಮ ಬಡಗು ಭಾಗದ ನಿಜವಾದ ತೊಡಕು ಭಾಷೆ. ತೆಂಕಿನ ಜಿಲ್ಲೆಯಿಂದ ವರ್ಗವಾಗಿ ಬಂದ ಡಾಕ್ಟರಿಗೆ ಕನ್ನಡ, ತುಳು ಬಾರದು; ಅಜ್ಜಿಗೆ ಮಲಯಾಳಂ ಬಾರದು. 'ಹೊಟ್ಟೆ ಉರಿ' ಎಂದರೆ ಏನೆಂದು ಕೈಸನ್ನೆಯಲ್ಲಿ ತೋರಿಸಬೇಕು. ನಮ್ಮತ್ತೆ ಸಕ್ಕರೆ ಕಾಯಿಲೆಯ ಮಾತ್ರೆ ಊಟಕ್ಕೆ ಮೊದಲೋ ಆಮೇಲೋ ತಿಳಿಯದೆ ತಿಂಗಳುಗಟ್ಟಲೆ ಅಂದಾಜಿನಲ್ಲಿ ನುಂಗಿದರು. ಮಾತ್ರೆಯ ಕವರಿನ ಮೇಲೆ ಕನ್ನಡದಲ್ಲಿ ಎರಡು ಪದ ಅಚ್ಚೊತ್ತಲು ಎಷ್ಟು ಖರ್ಚಾದೀತು? ಸ್ಥಳೀಯ ಆಶಾ ಕಾರ್ಯಕರ್ತೆಯೊಬ್ಬರು ಒಪಿ ಹೊತ್ತಿಗೆ ಮಾತು ತಿಳಿಸಿಕೊಡಲು ಕೂತರೂ ಅರ್ಧ ಕೆಲಸ ಆದಂತೆ.

ಇದನ್ನು ತಿರುವನಂತಪುರಕ್ಕೆ ಬರೆದು ಕಾಯಬೇಕಿಲ್ಲ. ಆರೋಗ್ಯ ಕೇಂದ್ರದ ಹೊಣೆ ಗ್ರಾಮ ಪಂಚಾಯತಿನದು. ಆಸ್ಪತ್ರೆ ನಿರ್ವಹಣಾ ಸಮಿತಿಗೆ ಪಂಚಾಯತ್ ಅಧ್ಯಕ್ಷರೇ ಅಧ್ಯಕ್ಷರು. ಗ್ರಾಮಸಭೆಯಲ್ಲಿ ಬಾಯಿಮಾತಿಗೆ ಬಿಡದೆ ಅರ್ಜಿ ಕೊಡಿ, ಕನ್ನಡದಲ್ಲೇ ಕೊಡಿ: 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ.