ಕೇರೆಹಾವೋ ನಾಗರಹಾವೋ?

ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ಬರೆದ ಓದುಗರಿಗೆ, ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಪತ್ರದ ಸಾರ ಮಾತ್ರ ಖಾರ ಕಡಿಮೆ ಮಾಡದೆ ಕೊಡುತ್ತೇನೆ, ಉಳಿದವರಿಗೂ ಗೊತ್ತಾಗಲಿ. ಹೋದ ಸಂಚಿಕೆಯಲ್ಲಿ ನಾವು ‘ಟವರ್ ಆಫ್ ಗಾಡ್’ ಅನಿಮೆಯ (ಜಪಾನಿನ ಅನಿಮೇಷನ್ ಸರಣಿ; ಅದರ ಮೂಲ ವೆಬ್‌ಟೂನ್, ಅಂದರೆ ಮೊಬೈಲಿನಲ್ಲಿ ಕೆಳಕ್ಕೆ ಸರಿಸುತ್ತಾ ಓದುವ ಕೊರಿಯಾದ ಕಾಮಿಕ್ಸ್) ಮೊದಲ ಸೀಸನ್ ಬಗ್ಗೆ ಬರೆದು, ‘ಮೂಲಕ್ಕೆ ನಿಷ್ಠವಾದ, ನೋಡಲೇಬೇಕಾದ ಸರಣಿ’ ಎಂದಿದ್ದೆವು. ನೀವು ಕೇಳಿದ್ದು ಇಷ್ಟು: “ನಿಮ್ಮ ವಿಮರ್ಶಕರು ವೆಬ್‌ಟೂನ್ ಓದಿದ್ದಾರಾ? ಓದಿದ್ದರೆ ನಿಷ್ಠೆ ಅನ್ನುವ ಪದವೇ ಬರುತ್ತಿರಲಿಲ್ಲ. ಓದಿಲ್ಲ ಅಂದರೆ ಆ ಪದ ಬಳಸೋಕೆ ಅವರು ಯಾರು? ಅಷ್ಟೊಂದು ಕತ್ತರಿಸಿದ ಅನಿಮೆ ಕೆಟ್ಟದ್ದು ಅಂತ ಬರೆದು ತಪ್ಪು ತಿದ್ದಿಕೊಳ್ಳಿ.”

ಮೊದಲ ಪ್ರಶ್ನೆಗೆ ಉತ್ತರ: ಓದಿರಲಿಲ್ಲ. ಕೇಳಿದೆ, ಒಪ್ಪಿಕೊಂಡರು. ‘ಮೂಲಕ್ಕೆ ನಿಷ್ಠ’ ಎಂಬ ಮಾತನ್ನು ವಾಪಸ್ ತೆಗೆದುಕೊಂಡಿದ್ದೇವೆ. ಅದು ನನ್ನ ಕಣ್ಣ ಮುಂದೆಯೇ ಹಾದು ಅಚ್ಚಿಗೆ ಹೋಯಿತು, ಹಾಗಾಗಿ ತಪ್ಪಿನಲ್ಲಿ ನನಗೂ ಪಾಲಿದೆ. ಆದರೆ ಅನಿಮೆ ಕೆಟ್ಟದ್ದು ಎಂದು ಬರೆಯಲು ನಾನು ತಯಾರಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ನಾನು ಚಿತ್ರದುರ್ಗದವನು. ಈ ಜಗಳ ನಮ್ಮೂರಿಗೆ ಹಳೆಯದು. 1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ‘ನಾಗರಹಾವು’ ಮಾಡಿದರು. ಸಿನಿಮಾ ನೋಡಿದ ತ.ರಾ.ಸು., ಇದು ನಾಗರಹಾವಲ್ಲ, ಕೇರೆಹಾವು ಅಂದರಂತೆ. ಇಲ್ಲಿ ಚಹಾ ಅಂಗಡಿಯಲ್ಲಿ ಕೂತವರಿಗೂ ಗೊತ್ತಿರುವ ಮಾತು ಅದು. ತಾವು ಬರೆದ ರಾಮಾಚಾರಿ ಅವರಿಗೆ ತೆರೆಯ ಮೇಲೆ ಸಿಗಲಿಲ್ಲ. ಅವರ ದೂರು ಸುಳ್ಳಲ್ಲ. ಆದರೆ ನಾನು ಮೊದಲು ನೋಡಿದ್ದು ಸಿನಿಮಾ, ಪುಸ್ತಕ ಓದಿದ್ದು ಆಮೇಲೆ. ಚಾಮಯ್ಯ ಮೇಷ್ಟ್ರ ಮಾತಿಗೆ ರಾಮಾಚಾರಿ ಕರಗುವಾಗ ನನಗೆ ಗಂಟಲು ಕಟ್ಟಿತಲ್ಲ, ಅದಕ್ಕೆ ಯಾವ ಕಾದಂಬರಿಯ ಸಹಾಯವೂ ಬೇಕಾಗಿರಲಿಲ್ಲ. ಓಬವ್ವನ ಹಾಡಂತೂ ಕಥೆಯನ್ನು ಪಕ್ಕಕ್ಕೆ ನಿಲ್ಲಿಸಿಯೇ ಬರುತ್ತದೆ. ಇವತ್ತಿಗೂ ಓಬವ್ವನ ಕಿಂಡಿಯ ಹತ್ತಿರ ನಿಂತವರು ಗುನುಗುವುದು ಅದನ್ನೇ. ತ.ರಾ.ಸು. ಹೇಳಿದ್ದು ಒಂದು ಲೆಕ್ಕ, ನನ್ನ ಗಂಟಲು ಕಟ್ಟಿದ್ದು ಇನ್ನೊಂದು ಲೆಕ್ಕ. ಒಂದರ ಸಾಲವನ್ನು ಇನ್ನೊಂದರ ಖಾತೆಗೆ ಬರೆಯಬಾರದು ಅನ್ನುವುದಷ್ಟೇ ನನ್ನ ವಾದ.

ಈಗ ನಿಮ್ಮ ಕತ್ತರಿಯ ವಿಷಯ. ಎಸ್.ಐ.ಯು. ಎಂಬ ಹೆಸರಲ್ಲಿ ಬರೆಯುವ ಕೊರಿಯಾದ ಕಲಾವಿದ ಈ ವೆಬ್‌ಟೂನ್ ಶುರು ಮಾಡಿದ್ದು 2010ರಲ್ಲಿ. ಅನಿಮೆ ಬಂದದ್ದು 2020ರ ಏಪ್ರಿಲ್‌ನಲ್ಲಿ, 13 ಕಂತು. ವೆಬ್‌ಟೂನಿನ ಮೊದಲ ಸೀಸನ್ ಸುಮಾರು 80 ಅಧ್ಯಾಯ. ಅಂದರೆ ಕಂತಿಗೆ ಆರು. ಶುರುವಿನ ಹಾಡು, ಕೊನೆಯ ಹಾಡು ಕಳೆದರೆ ಕಂತಿನಲ್ಲಿ ಉಳಿಯುವುದು 20-21 ನಿಮಿಷ. ಒಂದು ಅಧ್ಯಾಯಕ್ಕೆ ಮೂರೂವರೆ ನಿಮಿಷ! ಹೀಗೇ ವೆಬ್‌ಟೂನಿನಿಂದ ಅದೇ ವರ್ಷ ಬಂದ ‘ದಿ ಗಾಡ್ ಆಫ್ ಹೈಸ್ಕೂಲ್’ ಇನ್ನೂ ಜಾಸ್ತಿ ಅವಸರದ್ದು, ನೂರಕ್ಕೂ ಹೆಚ್ಚು ಅಧ್ಯಾಯ 13 ಕಂತಿಗೆ. ಹೊಡೆದಾಟ ಕಣ್ಣಿಗೆ ಹಬ್ಬ, ಯಾರು ಯಾಕೆ ಹೊಡೆದುಕೊಳ್ಳುತ್ತಿದ್ದಾರೆ ಅನ್ನುವುದು ಕೊನೆಕೊನೆಗೆ ಗೊತ್ತೇ ಆಗುವುದಿಲ್ಲ. 2024ರ ‘ಸೋಲೋ ಲೆವೆಲಿಂಗ್’ ಮೊದಲ ಸೀಸನ್ ಮಾತ್ರ ನಿಧಾನ, ಸುಮಾರು 45 ಅಧ್ಯಾಯಕ್ಕೆ 12 ಕಂತು. ಆದರೆ ಈ ಭಾಗಾಕಾರದಿಂದ ತೀರ್ಪು ಬರುವುದಿಲ್ಲ. ಮೂರು ಕಾದಂಬರಿ ಒಂದು ಸಿನಿಮಾ ಆದಾಗ ಬಿದ್ದ ಕತ್ತರಿಯೇನು ಸಣ್ಣದಾ?

ಹಾಗಾದರೆ ಹೇಗೆ ನೋಡೋದು? ನಿಮ್ಮ ಪತ್ರ ಬಂದ ವಾರ ನಾವೊಂದು ಕೆಲಸ ಮಾಡಿದೆವು. ನಮ್ಮಲ್ಲಿ ಡಿಟಿಪಿ ಮಾಡುವ ಹುಡುಗಿ ವೆಬ್‌ಟೂನ್ ಪೂರ್ತಿ ಅರೆದು ಕುಡಿದವಳು. ಪ್ರೂಫ್ ನೋಡುವವರು ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಅನಿಮೆ ಅಂದರೆ ಏನು ಅಂತ ಆವತ್ತೇ ಕೇಳಿದವರು. ನಾಲ್ಕು ಸಂಜೆ ಇಬ್ಬರನ್ನೂ ಆಫೀಸಿನ ಕಂಪ್ಯೂಟರ್ ಮುಂದೆ ಕೂರಿಸಿದೆ. ಮುಂದೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ನಾನು ಪ್ರೂಫ್ ಹಾಳೆಯ ಹಿಂಬದಿಗೆ ನಡುವೆ ಗೆರೆ ಎಳೆದುಕೊಂಡು ಕೂತೆ. ಎಡಕ್ಕೆ ಮೇಷ್ಟ್ರು “ಇದೇನು, ಅರ್ಥವಾಗಲಿಲ್ಲ” ಅಂದ ಜಾಗ. ಬಲಕ್ಕೆ ಹುಡುಗಿ “ಅಯ್ಯೋ, ಇದನ್ನ ಬಿಟ್ಟುಬಿಟ್ರು” ಅಂದ ಜಾಗ.

ಬಲಗಡೆ ಬೇಗ ತುಂಬಿತು. ಹಾಳೆ ತಿರುಗಿಸಿ ಅಂಚಿನಲ್ಲೂ ಬರೆಯಬೇಕಾಯಿತು. ಎಡಗಡೆ ಹನ್ನೊಂದೇ ಸಾಲು, ಅದರಲ್ಲೂ ಏಳಕ್ಕೆ ಮುಂದಿನ ಕಂತುಗಳಲ್ಲೇ ಉತ್ತರ ಸಿಕ್ಕಿತು. ಹುಡುಗಿ ನಿಟ್ಟುಸಿರು ಬಿಟ್ಟ ಎಷ್ಟೋ ಕಡೆ ಮೇಷ್ಟ್ರು ಆರಾಮಾಗಿ ಬಜ್ಜಿ ಮುರಿಯುತ್ತಿದ್ದರು. ಅಲ್ಲಿ ಏನೋ ಇತ್ತು, ಈಗಿಲ್ಲ ಅನ್ನುವ ಸುಳಿವೇ ಅವರಿಗೆ ಇರಲಿಲ್ಲ. ಅಂಥ ಕಡೆ ಅನಿಮೆಯ ಮಟ್ಟಿಗೆ ನಷ್ಟವಾಗಿಲ್ಲ. ರೂಪಾಂತರದ ಮಟ್ಟಿಗೆ ಆಗಿದೆ, ಅದನ್ನು ಬೇರೆ ಬರೆಯಿರಿ.

ಗೆರೆಯ ಎರಡೂ ಬದಿಗೆ ಬಂದ ಜಾಗ ನಾಲ್ಕು, ಅದರಲ್ಲಿ ಎರಡನ್ನು ಹೇಳುತ್ತೇನೆ. ಒಂದು, ‘ಶಿನ್ಸು’ ಅನ್ನುವ ಶಕ್ತಿ. ಪರೀಕ್ಷೆಯಲ್ಲಿ ಎಲ್ಲರನ್ನೂ ಅದು ಹಿಂದಕ್ಕೆ ತಳ್ಳುತ್ತದೆ, ನಾಯಕ ಬಾಮ್ ಮಾತ್ರ ಇದ್ದಲ್ಲೇ ನಿಲ್ಲುತ್ತಾನೆ. “ಅದು ನೀರಾ, ಗಾಳಿಯಾ? ಅದೇನು ಅಂತ ಗೊತ್ತಾಗದೆ ಇವನು ದೊಡ್ಡವನು ಅಂತ ಹ್ಯಾಗೆ ನಂಬೋದು?” ಅಂದರು ಮೇಷ್ಟ್ರು. ಇನ್ನೊಂದು, ಗೋಪುರ ಹತ್ತುವವರಿಗೆ ಕೊಡುವ ಪಾತ್ರಗಳು: ಲೈಟ್ ಬೇರರ್, ಸ್ಕೌಟ್, ಸ್ಪಿಯರ್ ಬೇರರ್, ವೇವ್ ಕಂಟ್ರೋಲರ್, ಫಿಶರ್‌ಮನ್. ವೆಬ್‌ಟೂನ್ ಇದಕ್ಕೆಲ್ಲ ಸಮಯ ಕೊಟ್ಟು ಪಾಠ ಮಾಡುತ್ತದೆ. ಅನಿಮೆ ಗಡಿಬಿಡಿಯಲ್ಲಿ ಹೇಳಿ ಮುಗಿಸುತ್ತದೆ. “ಫಿಶರ್‌ಮನ್ ಅಂದರೆ ಮೀನು ಹಿಡಿಯೋನಾ?” ಅಂತ ಮೇಷ್ಟ್ರು ಕೊನೆಯ ಸಂಜೆಯೂ ಕೇಳಿದರು. ನಿಮ್ಮ ದೂರು ಇಲ್ಲಿ ನೂರಕ್ಕೆ ನೂರು ಸರಿ. ನಮ್ಮ ವಿಮರ್ಶೆಯಲ್ಲಿ ಇದು ಇರಬೇಕಿತ್ತು. ವೆಬ್‌ಟೂನ್ ಓದದೆಯೂ ಕಾಣಬಹುದಾದ ತೂತು ಇದು, ಅಲ್ವಾ?

ಇನ್ನೊಂದು ನಡೆಯಿತು, ಅದನ್ನು ನಾನು ಎದುರು ನೋಡಿರಲಿಲ್ಲ. ಕೊನೆಯ ಕಂತು, ಬಾಮ್ ಯಾರನ್ನು ಹುಡುಕಿಕೊಂಡು ಗೋಪುರ ಹತ್ತಿದನೋ ಆ ರೇಚಲ್‌ಳ ಕಣ್ಣಿನಿಂದ ನಡೆಯುತ್ತದೆ. ವೆಬ್‌ಟೂನ್ ಓದಿದವರಿಗೆ ರೇಚಲ್ ಅಂದರೆ ಎಷ್ಟು ಸಿಟ್ಟು ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮ ಡಿಟಿಪಿ ಹುಡುಗಿ ಮೊದಲ ದೃಶ್ಯದಿಂದಲೇ ಮುಖ ಗಂಟಿಕ್ಕಿಕೊಂಡು ಕೂತಿದ್ದಳು. ಕಂತು ಮುಗಿಯಿತು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿಕೊಂಡು, “ಪಾಪ ಕಣಮ್ಮ ಆ ಹುಡುಗಿ” ಅಂದರು. “ಸಾರ್, ನಿಮಗೆ ಮುಂದಿಂದು ಗೊತ್ತಿಲ್ಲ!” ಅಂತ ಇವಳು ಕೂಗಿಯೇಬಿಟ್ಟಳು. “ಮುಂದಿಂದು ಇದರಲ್ಲಿ ಇಲ್ಲವಲ್ಲಮ್ಮ” ಅಂದರು ಅವರು. ಹೀಗೆ, ಮೂಲ ಓದಿದವರು ತೂತುಗಳನ್ನು ತಮಗೆ ಗೊತ್ತಿಲ್ಲದೆ ಮುಚ್ಚುತ್ತಾರೆ. ಜೊತೆಗೆ, ತೆರೆಯ ಮೇಲೆ ಇಲ್ಲದ ಸಿಟ್ಟನ್ನೂ ಮನೆಯಿಂದ ಕಟ್ಟಿಕೊಂಡು ಬರುತ್ತಾರೆ. ನಿಮ್ಮ ಪತ್ರದಲ್ಲೂ ಅದರ ವಾಸನೆ ಸ್ವಲ್ಪ ಹೊಡೆಯಿತು, ಬೇಜಾರು ಮಾಡಿಕೊಳ್ಳಬೇಡಿ.

ಅನಿಮೆಯ ಸ್ವಂತ ಗಳಿಕೆಯನ್ನೂ ಹೇಳಬೇಕಲ್ಲ. ಎಸ್.ಐ.ಯು. ಅವರ ಮೊದಮೊದಲ ಚಿತ್ರಗಳು ಒರಟು. ಅನಿಮೆಯವರು ಅದನ್ನು ನುಣ್ಣಗೆ ಮಾಡಲು ಹೋಗಿಲ್ಲ. ಗೆರೆ ದಪ್ಪವಾಗಿ, ಪೆನ್ಸಿಲ್ ಎಳೆದ ಹಾಗೇ ಉಳಿದಿದೆ. ಸಂಭಾಷಣೆ ಕತ್ತರಿಸಿದವರೇ ಗೆರೆಯನ್ನು ಉಳಿಸಿಕೊಂಡಿದ್ದಾರೆ. ಇದನ್ನು ರೂಪಾಂತರದ ಖಾತೆಗೆ ಜಮಾ ಮಾಡದಿದ್ದರೆ ಅನ್ಯಾಯ. ಕೆವಿನ್ ಪೆಂಕಿನ್ ಅವರ ಸಂಗೀತ ವೆಬ್‌ಟೂನಿನಲ್ಲಿ ಇರಲು ಸಾಧ್ಯವೇ ಇಲ್ಲದ್ದು, ಅದು ಪೂರ್ತಿ ಅನಿಮೆಯ ಸೊತ್ತು. ಒಂದು ಮಾತ್ರ ಯಾವ ಸ್ಟುಡಿಯೋಗೂ ಸಿಗುವುದಿಲ್ಲ. ವೆಬ್‌ಟೂನಿನಲ್ಲಿ ಎರಡು ಚಿತ್ರಗಳ ನಡುವಿನ ಖಾಲಿ ಜಾಗವೇ ಕಾಲ, ಅದು ಎಷ್ಟು ಹೊತ್ತು ಅನ್ನುವುದು ನಮ್ಮ ಹೆಬ್ಬೆರಳಿಗೆ ಬಿಟ್ಟದ್ದು. ಹೆದರಿಕೆಯಾದರೆ ನಿಲ್ಲಿಸಬಹುದು. ಟಿವಿಯಲ್ಲಿ ಆ ಹೆಬ್ಬೆರಳು ನಿರ್ದೇಶಕನದು.

‘ಸೋಲೋ ಲೆವೆಲಿಂಗ್’ ಬಗ್ಗೆಯೂ ಕೇಳಿದ್ದೀರಿ, ಚಿಕ್ಕದಾಗಿ ಹೇಳುತ್ತೇನೆ. ಜಪಾನಿನಲ್ಲಿ ಪ್ರಸಾರವಾದಾಗ ಕಥೆಯ ನಾಯಕ, ಕೊರಿಯಾದ ಸಂಗ್ ಜಿನ್‌ವೂ, ಮಿಜುಶಿನೊ ಶುನ್ ಆದ. ನಡೆಯುವ ಜಾಗವೂ ಜಪಾನ್ ಆಯಿತು. ಅಲ್ಲಿ ಮೊದಲ ಸಲ ನೋಡಿದವರಿಗೆ ಏನೂ ಕೊರತೆ ಕಂಡಿರಲಿಕ್ಕಿಲ್ಲ. ಆದರೆ ರೂಪಾಂತರದ ಲೆಕ್ಕದಲ್ಲಿ ಇದು, ನನ್ನ ಪ್ರಕಾರ, ನಾಲ್ಕು ಅಧ್ಯಾಯ ಬಿಟ್ಟದ್ದಕ್ಕಿಂತ ದೊಡ್ಡದು. ರಾಮಾಚಾರಿಯನ್ನು ದುರ್ಗದಿಂದ ಎತ್ತಿ ಬೇರೆ ಯಾವುದೋ ಊರಿನ ಗುಡ್ಡ ಹತ್ತಿಸಿದ್ದರೆ ನಾವು ಸುಮ್ನೆ ಇರುತ್ತಿದ್ದೆವಾ?

ಇನ್ನು ಮುಂದೆ ಇಂಥ ಅನಿಮೆ ಬಂದಾಗ ಇಬ್ಬರಿಂದ ಬರೆಸುತ್ತೇವೆ. ಓದಿದವರೊಬ್ಬರು, ಓದದವರೊಬ್ಬರು, ಪಕ್ಕಪಕ್ಕದ ಕಾಲಂ. ಓದದವರ ಕಾಲಂ ಮೇಷ್ಟ್ರಿಗೆ ಅಂದುಕೊಂಡಿದ್ದೆ. ಅವರು ಈಗಾಗಲೇ ಕೈಬಿಟ್ಟು ಹೋಗಿದ್ದಾರೆ. ಮಧ್ಯಾಹ್ನ ಊಟವಾದ ಮೇಲೆ ಹುಡುಗಿಯ ಮೊಬೈಲ್ ಇಸಿದುಕೊಂಡು ವೆಬ್‌ಟೂನ್ ಓದುತ್ತಾರೆ. ನಿನ್ನೆ ಕೇಳಿದರೆ, “ಅವನು ಮೇಲಕ್ಕೆ ಹತ್ತುತ್ತಾ ಇದ್ದಾನೆ, ನಾನು ಕೆಳಕ್ಕೆ ಇಳೀತಾ ಇದ್ದೀನಿ, ಎಲ್ಲಿ ಸಿಗ್ತೀವೋ ನೋಡೋಣ” ಅಂದರು. ಓದಿದವರ ಕಾಲಂಗೆ ನೀವೇ ಬರೆಯಿರಿ. ಆರುನೂರು ಪದ, ಮುಂದಿನ ತಿಂಗಳು 10ರೊಳಗೆ ಬಿ.ಡಿ. ರಸ್ತೆಯ ನಮ್ಮ ಆಫೀಸಿಗೆ ತಲುಪಲಿ. ಈ ಸಲ ಹೆಸರು ಹಾಕಲು ಒಪ್ಪಿಗೆಯನ್ನೂ ಜೊತೆಗೇ ಬರೆದು ಕಳಿಸಿ.

– ಸಂಪಾದಕ