ಚೀಲ ಹೊತ್ತಿದ್ದಕ್ಕೇ ನರ ಉಬ್ಬಿತಾ?

ಪ್ರಶ್ನೆ: ಡಾಕ್ಟ್ರೇ, ನನಗೆ 27 ವರ್ಷ. ಬ್ಯಾಡಗಿ ಮಾರ್ಕೆಟ್‌ನಲ್ಲಿ ಹಮಾಲಿ ಕೆಲಸ, ದಿನವಿಡೀ ಮೆಣಸಿನಕಾಯಿ ಚೀಲ ಹೊರುತ್ತೇನೆ. ಒಂದು ವರ್ಷದಿಂದ ಎಡಗಡೆ ಬೀಜದ ಮೇಲೆ ನರಗಳು ಗಂಟುಗಂಟಾಗಿ ಉಬ್ಬಿವೆ. ಸಂಜೆ ಹೊತ್ತಿಗೆ ಜಗ್ಗಿದ ಹಾಗೆ ನೋವು, ಮಲಗಿದರೆ ಇಳಿಯುತ್ತದೆ. ಸ್ಕ್ಯಾನ್‌ನಲ್ಲಿ 'ವೆರಿಕೋಸಿಲ್, ರಿಫ್ಲಕ್ಸ್ ಇದೆ' ಎಂದು ಬರೆದಿದ್ದಾರೆ. ಭಾರ ಹೊತ್ತೇ ಹೀಗಾಯ್ತು, ಕೆಲಸ ಬಿಡು ಅಂತ ಮನೆಯಲ್ಲಿ ಗಲಾಟೆ. ಮದುವೆ ಬೇರೆ ಗೊತ್ತಾಗಿದೆ. ಮುಂದೆ ಮಕ್ಕಳಾಗೋದಕ್ಕೆ ತೊಂದರೆನಾ?
(ಹೆಸರು ಬೇಡ, ಬ್ಯಾಡಗಿ)

ಉತ್ತರ: ಮೊದಲು ಮನೆಯವರಿಗೆ ಹೇಳಿ, ತಪ್ಪು ಚೀಲದ್ದಲ್ಲ. ಪೂರ್ತಿ ಚೀಲದ್ದಲ್ಲ ಅನ್ನೋಣ.

ಬಾವಿಗೆ ಬಿಟ್ಟ ಪಂಪಿನ ಪೈಪ್ ನೋಡಿದ್ದೀರಲ್ವಾ? ಅದರ ತುದಿಗೆ ಫುಟ್‌ವಾಲ್ ಇರುತ್ತದೆ. ನೀರನ್ನು ಮೇಲೆ ಬಿಡುತ್ತದೆ, ಕೆಳಗೆ ಬಿಡುವುದಿಲ್ಲ. ಅದು ಸವೆಯಿತೋ, ಮೋಟಾರ್ ನಿಲ್ಲಿಸಿದ ಕೂಡಲೇ ನೀರೆಲ್ಲ ವಾಪಸ್ ಬಾವಿಗೆ, ಮರುದಿನ ಬೆಳಗ್ಗೆ ಕೊಡ ಹಿಡಿದು ಪೈಪಿಗೆ ನೀರು ತುಂಬುತ್ತಾ ಕೂರಬೇಕು. ವೃಷಣದಿಂದ ರಕ್ತವನ್ನು ಮೇಲಕ್ಕೆ ಒಯ್ಯುವ ನಾಳದಲ್ಲೂ ಇಂಥ ಸಣ್ಣ ಕವಾಟಗಳಿವೆ. ಕೆಲವರಲ್ಲಿ ಅವು ಸರಿಯಾಗಿ ಮುಚ್ಚುವುದಿಲ್ಲ, ಕೆಲವರಲ್ಲಿ ಇರುವುದೇ ಇಲ್ಲ. ಆಗ ಮೇಲೆ ಹೋಗಬೇಕಾದ ರಕ್ತ ಹಿಂದಕ್ಕೆ ಇಳಿದು, ವೃಷಣದ ಮೇಲೆ ಬಳ್ಳಿಯ ಹಾಗೆ ಹೆಣೆದುಕೊಂಡಿರುವ ನಾಳಗಳಲ್ಲಿ ತುಂಬಿ ಅವನ್ನು ಉಬ್ಬಿಸುತ್ತದೆ. ಹೀಗೆ ಹಿಂದಕ್ಕೆ ಇಳಿಯುವುದೇ ರಿಫ್ಲಕ್ಸ್, ಉಬ್ಬಿದ ನಾಳಗಳೇ ವೆರಿಕೋಸಿಲ್. ನಾವು 'ನರ' ಅನ್ನುತ್ತೇವೆ, ಅವು ಅಸಲಿಗೆ ರಕ್ತನಾಳ. ಇರಲಿ. ಮಲಗಿದಾಗ ರಕ್ತ ಏರಬೇಕಾಗಿಲ್ಲ, ಅದಕ್ಕೇ ಗಂಟು ಇಳಿಯುತ್ತದೆ.

ಎಡಗಡೆಯೇ ಯಾಕೆ? ಬಲಗಡೆಯ ನಾಳ ಹೊಟ್ಟೆಯ ದೊಡ್ಡ ರಕ್ತನಾಳಕ್ಕೆ ಓರೆಯಾಗಿ ಹೋಗಿ ಸೇರುತ್ತದೆ. ಎಡಗಡೆಯದು ಅದಕ್ಕಿಂತ ಉದ್ದ, ಎಡ ಕಿಡ್ನಿಯ ನಾಳಕ್ಕೆ ಅಡ್ಡಡ್ಡಲಾಗಿ ಹೋಗಿ ಬಡಿಯುತ್ತದೆ. ಆ ಕಿಡ್ನಿ ನಾಳವೂ ಎರಡು ದೊಡ್ಡ ರಕ್ತನಾಳಗಳ ಸಂದಿಯಲ್ಲಿ ನುಸುಳಬೇಕು, ಕೆಲವರಲ್ಲಿ ಅಲ್ಲೇ ಅಮುಕಿಕೊಂಡು ಒತ್ತಡ ಏರುತ್ತದೆ. ನೂರು ಗಂಡಸರಲ್ಲಿ ಸುಮಾರು 15 ಮಂದಿಗೆ ವೆರಿಕೋಸಿಲ್ ಇರುತ್ತದೆ, ಬಹುಪಾಲು ಎಡಗಡೆಯೇ.

ಇನ್ನು ಚೀಲ. ಎತ್ತುವಾಗ ಉಸಿರು ಬಿಗಿ ಹಿಡಿಯುತ್ತೀರಿ, ಹೊಟ್ಟೆಯೊಳಗೆ ಒತ್ತಡ ಜಾಸ್ತಿಯಾಗುತ್ತದೆ, ಸೋರುವ ಕವಾಟ ಇನ್ನಷ್ಟು ಸೋರುತ್ತದೆ. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡುವಾಗ 'ಉಸಿರು ಹಿಡಿದು ತಿಣುಕಿ' ಅನ್ನುವುದೂ ಆ ಸೋರಿಕೆ ಕಾಣಲಿ ಅಂತಲೇ. ಹಾಗಾಗಿ ಭಾರದಿಂದ ನೋವು ಹೆಚ್ಚಬಹುದು, ಅದೇ ಮೂಲ ಅಲ್ಲ. ಸುಮ್ನೆ ಹೊಟ್ಟೆಪಾಡು ಬಿಡಬೇಡಿ.

ಮಕ್ಕಳ ವಿಷಯ. ವೃಷಣಕ್ಕೆ ಮೈಗಿಂತ 2ರಿಂದ 4 ಡಿಗ್ರಿ ತಂಪು ಬೇಕು. ಬೆಚ್ಚಗಿನ ರಕ್ತ ಅಲ್ಲೇ ನಿಂತರೆ ವೀರ್ಯಾಣು ತಯಾರಿಕೆ ಕುಂಟಬಹುದು. ಆದರೆ ವೆರಿಕೋಸಿಲ್ ಇದ್ದೂ ಮಕ್ಕಳಾದವರು ಬೇಕಾದಷ್ಟು ಜನ. ಒಂದು ವೀರ್ಯ ಪರೀಕ್ಷೆ ಮಾಡಿಸಿ, ನಾಚಿಕೆ ಬೇಡ. ನನ್ನ ಹತ್ತಿರ 'ಕಿಡ್ನಿ ಸ್ಟೋನ್' ಅಂತ ಬಂದು, ಅಪ್ಪ ಹೊರಗೆ ಹೋದ ಮೇಲೆ ನಿಜ ಹೇಳುವ ಹುಡುಗರೇ ಜಾಸ್ತಿ! ರಿಪೋರ್ಟ್ ಚೆನ್ನಾಗಿದ್ದು ನೋವು ತಡೆಯುವಷ್ಟಿದ್ದರೆ ಬಿಗಿಯಾದ ಒಳಉಡುಪು ಸಾಕು. ಇಲ್ಲದಿದ್ದರೆ ಯೂರಾಲಜಿಸ್ಟ್ ಸೋರುವ ನಾಳಗಳನ್ನು ಕಟ್ಟುತ್ತಾರೆ, ರಕ್ತ ಬೇರೆ ದಾರಿ ಹಿಡಿಯುತ್ತದೆ. ಒಂದು ಎಚ್ಚರ: ಮಲಗಿದರೂ ಇಳಿಯದ ಗಂಟು, ದಿಢೀರನೆ ಬಂದದ್ದು, ಬಲಗಡೆ ಮಾತ್ರ ಇರುವುದು, ಇವುಗಳಲ್ಲಿ ಯಾವುದಿದ್ದರೂ ಹೊಟ್ಟೆಯ ಸ್ಕ್ಯಾನ್ ಆಗಲೇಬೇಕು. ಕಿಡ್ನಿಯ ಗಡ್ಡೆ ನಾಳವನ್ನು ಒತ್ತುತ್ತಿರಬಹುದು.

ಪ್ರಶ್ನೆ: ನಮ್ಮ ಯಜಮಾನರಿಗೆ ವೆರಿಕೋಸಿಲ್ ಆಪರೇಷನ್ ಆಗಿ ಒಂದು ತಿಂಗಳಾಯ್ತು. ವೀರ್ಯಾಣು ಕೌಂಟ್ ಏರಿಲ್ಲ. ದುಡ್ಡು ದಂಡವಾಯ್ತಾ?
(ಓದುಗರು, ಗದಗ)

ಉತ್ತರ: ಇಷ್ಟು ಬೇಗ ನೋಡಬಾರದಿತ್ತು ತಾಯಿ. ಒಂದು ವೀರ್ಯಾಣು ತಯಾರಾಗಲಿಕ್ಕೇ ಎರಡೂವರೆ ತಿಂಗಳು ಬೇಕು. ಈಗ ಕಂಡದ್ದು ಆಪರೇಷನ್‌ಗೆ ಮುಂಚೆ ಶುರುವಾದ ಬೆಳೆ. ಮೂರು ತಿಂಗಳಾದ ಮೇಲೊಮ್ಮೆ, ಆರು ತಿಂಗಳಾದ ಮೇಲೊಮ್ಮೆ ಪರೀಕ್ಷೆ ಮಾಡಿಸಿ. ಏರಿಯೇ ಏರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಅಷ್ಟರೊಳಗೆ ನಿಮ್ಮ ತಪಾಸಣೆಯೂ ಮುಗಿಯಲಿ.