ಎತ್ತರದ ಲೆಕ್ಕ: ಮಾಚು ಪಿಚು ಪ್ರವಾಸದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ವಯಸ್ಸು 62. ನಮ್ಮ ಯಜಮಾನರಿಗೆ 66. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಪೆರು ದೇಶದ ಬೆಟ್ಟದ ಮೇಲಿನ ಹಳೆಯ ಪಾಳುನಗರ ಮಾಚು ಪಿಚು ನೋಡಬೇಕೆಂದು ಹಲವು ವರ್ಷಗಳಿಂದ ಹಣ ಕೂಡಿಸಿದ್ದೇವೆ. ಮೇ ತಿಂಗಳಿನಲ್ಲಿ ಹೊರಡುವ ಯೋಚನೆ. ಪ್ರವಾಸ ಏಜೆನ್ಸಿಯವರು ಕೊಟ್ಟ ಪಟ್ಟಿಯಂತೆ ಲಿಮಾದಲ್ಲಿ ಒಂದು ರಾತ್ರಿ ತಂಗಿ, ಮಾರನೆಯ ದಿನ ವಿಮಾನದಲ್ಲಿ ಕುಸ್ಕೊ, ಅಂದೇ ಮಧ್ಯಾಹ್ನ ನಗರ ದರ್ಶನ, ಅದರ ಮರುದಿನ ಬಣ್ಣದ ಬೆಟ್ಟ, ನಾಲ್ಕನೆಯ ದಿನ ಮಾಚು ಪಿಚು. ನಾವಿಬ್ಬರೂ ವಾರಕ್ಕೆರಡು ಸಲ ಅಂತರಗಂಗೆ ಬೆಟ್ಟ ಹತ್ತಿಳಿಯುತ್ತೇವೆ. ಈ ಅಭ್ಯಾಸ ಸಾಕೇ?
ಓದುಗರು, ಕೋಲಾರ

ಉತ್ತರ: ಕಾಲಿಗೆ ಸಾಕು. ಅಂತರಗಂಗೆಯ ಮೆಟ್ಟಿಲುಗಳು ನಿಮ್ಮ ಮಂಡಿಗಳನ್ನು ಹದದಲ್ಲಿ ಇಟ್ಟಿವೆ, ಆ ಅಭ್ಯಾಸವನ್ನು ಹೊರಡುವ ವಾರದವರೆಗೂ ಬಿಡಬೇಡಿ. ಆದರೆ ಎತ್ತರದ ಪ್ರದೇಶದಲ್ಲಿ ಬರುವ ಕಾಯಿಲೆಗೂ ಮೈಯ ಗಟ್ಟಿತನಕ್ಕೂ ಸಂಬಂಧ ಬಹಳ ಕಡಿಮೆ. ನಮ್ಮ ಸೀಮೆಯಲ್ಲಿ ಎತ್ತರವೆಂದರೆ ನೆನಪಾಗುವ ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್. ಕುಸ್ಕೊ ನಗರ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರತೀರದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಸಮುದ್ರದ ದಂಡೆಯ ಲಿಮಾದಿಂದ ವಿಮಾನ ಒಂದೂಕಾಲು ಗಂಟೆಯ ಆಸುಪಾಸಿನಲ್ಲಿ ನಿಮ್ಮನ್ನು ಅಷ್ಟೆತ್ತರದಲ್ಲಿ ಇಳಿಸಿಬಿಡುತ್ತದೆ, ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ.

ನಾನು ಮೊದಲ ಸಲ ಹೋದಾಗ, ತುಮಕೂರಿನ ಅಂಗಡಿಯೊಂದರಲ್ಲಿ ಗಾಳಿಯಾಡದಂತೆ ಕಟ್ಟಿಸಿಕೊಂಡಿದ್ದ ಕೋಡುಬಳೆಯ ಪೊಟ್ಟಣವನ್ನು ಕುಸ್ಕೊದ ಕೋಣೆಯಲ್ಲಿ ಚೀಲದಿಂದ ತೆಗೆದರೆ, ಅದು ಪುಟ್ಟ ದಿಂಬಿನ ಹಾಗೆ ಊದಿಕೊಂಡು ಬಿರಿಯುವಂತಾಗಿತ್ತು. ಒಳಗಿದ್ದದ್ದು ನಮ್ಮೂರಿನ ಗಾಳಿ, ಹೊರಗೆ ಅದನ್ನು ಒತ್ತಿ ಹಿಡಿಯುವಷ್ಟು ಗಾಳಿಯೇ ಇರಲಿಲ್ಲ. ಅಂದು ಸಂಜೆ ಊರು ಸುತ್ತಿ ಬಂದವನಿಗೆ ರಾತ್ರಿ ಹಣೆ ಸಿಡಿಯುವ ನೋವು, ಹೊಟ್ಟೆ ತೊಳಸು. ಮರುದಿನವೆಲ್ಲ ಹಾಸಿಗೆಯಲ್ಲೇ ಕಳೆಯಿತು. ನಿಮ್ಮ ಪಟ್ಟಿಯನ್ನು ಓದಿದಾಗ ನನಗೆ ಆ ದಿನವೇ ಕಣ್ಣಮುಂದೆ ಬಂತು. ಅದೂ ಕುಸ್ಕೊ ತಲುಪಿದ ಮರುದಿನವೇ 5,000 ಮೀಟರ್ ದಾಟುವ ಬಣ್ಣದ ಬೆಟ್ಟವನ್ನು ಸೇರಿಸಿರುವುದು ನಿಮ್ಮ ವಯಸ್ಸಿಗೆ ಮಾತ್ರವಲ್ಲ, ಇಪ್ಪತ್ತರ ಹುಡುಗರಿಗೂ ಸಲ್ಲದು. ಅದನ್ನು ಪಟ್ಟಿಯಿಂದ ತೆಗೆಸಿಬಿಡಿ.

ಇಲ್ಲಿ ಅನೇಕರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಮಾಚು ಪಿಚು ಕುಸ್ಕೊಗಿಂತ ಸುಮಾರು ಒಂದು ಸಾವಿರ ಮೀಟರ್ ತಗ್ಗಿನಲ್ಲಿದೆ. ಅವಶೇಷಗಳಿರುವ ಏಣು ಸುಮಾರು 2,430 ಮೀಟರ್, ಕೆಳಗೆ ಹೊಳೆಯ ಪಕ್ಕದ ಆಗ್ವಾಸ್ ಕಾಲಿಯೆಂತೆಸ್ ಊರು 2,000 ಮೀಟರಿಗಿಂತ ತುಸು ಮೇಲೆ. ಆದ್ದರಿಂದ ಪಟ್ಟಿಯನ್ನು ತಿರುವಿಹಾಕಿಸಿ. ಕುಸ್ಕೊದಲ್ಲಿ ವಿಮಾನ ಇಳಿದೊಡನೆ ನಗರದಲ್ಲಿ ನಿಲ್ಲದೆ ಕಾರಿನಲ್ಲಿ ನೇರವಾಗಿ ಉರುಬಾಂಬಾ ಕಣಿವೆಗೆ ಇಳಿದು, ಸುಮಾರು 2,800 ಮೀಟರಿನ ಒಯಾಂತಾಯ್ತಾಂಬೊ ಊರಿನಲ್ಲಿ ಎರಡು ರಾತ್ರಿ ತಂಗಿ. ಹಿಂದೆ ಆ ನಾಡನ್ನು ಆಳಿದ ಇಂಕಾಗಳು ಹಾಕಿದ ಬೀದಿಗಳಲ್ಲಿ ಜನ ಇವತ್ತಿಗೂ ಮನೆ ಮಾಡಿಕೊಂಡಿರುವ ಊರದು, ಬೀದಿಯ ಅಂಚಿನ ಕಲ್ಲುಗಾಲುವೆಯಲ್ಲಿ ಈಗಲೂ ನೀರು ಹರಿಯುತ್ತದೆ. ಮೊದಲ ದಿನ ಅದರ ಪಕ್ಕದಲ್ಲಿ ನಿಧಾನವಾಗಿ ನಡೆದಾಡಿದರೆ ಸಾಕು. ಅಲ್ಲಿಂದ ರೈಲಿನಲ್ಲಿ ಒಂದೂವರೆಯಿಂದ ಎರಡು ಗಂಟೆಯೊಳಗೆ ಆಗ್ವಾಸ್ ಕಾಲಿಯೆಂತೆಸ್ ತಲುಪಿ, ರಾತ್ರಿ ತಂಗಿ, ಬೆಳಿಗ್ಗೆ ಬಸ್ಸಿನಲ್ಲಿ ಮೇಲಕ್ಕೆ ಹೋಗಿ. ಕುಸ್ಕೊ ನಗರವನ್ನು ಕೊನೆಗೆ ಇಟ್ಟುಕೊಳ್ಳಿ. ಆ ವೇಳೆಗೆ ದೇಹ ಒಗ್ಗಿಕೊಂಡಿರುತ್ತದೆ.

ಅಸೆಟಜೋಲಮೈಡ್ ಎಂಬ ಮಾತ್ರೆಯನ್ನು ಎತ್ತರಕ್ಕೆ ಏರುವ ಹಿಂದಿನ ದಿನದಿಂದ ತೆಗೆದುಕೊಳ್ಳುವ ಪದ್ಧತಿ ಇದೆ. ಆದರೆ ಸಲ್ಫಾ ಔಷಧಿ ಒಗ್ಗದವರಿಗೂ, ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿರುವವರಿಗೂ ಅದು ತೊಡಕಾಗಬಹುದು. ಯಜಮಾನರ ಮಾತ್ರೆಗಳ ಚೀಟಿ ಹಿಡಿದುಕೊಂಡು ನಿಮ್ಮ ವೈದ್ಯರನ್ನು ಕಂಡ ಮೇಲೆಯೇ ನಿರ್ಧರಿಸಿ. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ನಡಿಗೆ ತೂರಾಡಿದರೆ ಅಥವಾ ಮಾತು ತಡವರಿಸಿದರೆ, ಬೆಳಗಾಗಲಿ ಎಂದು ಕಾಯದೆ ಕೆಳಕ್ಕೆ ಇಳಿಯಬೇಕು. ಅಲ್ಲಿ ಬಹಳಷ್ಟು ಹೋಟೆಲುಗಳಲ್ಲಿ ಕೋಕಾ ಎಲೆಯ (ಕೊಕೇನ್ ತಯಾರಾಗುವುದು ಇದರಿಂದಲೇ) ಕಷಾಯ ಕೊಡುತ್ತಾರೆ, ಅದು ಆ ದೇಶದಲ್ಲಿ ಕಾನೂನುಬದ್ಧ. ಆದರೆ ನೆನಪಿಗೆಂದು ಒಂದೇ ಒಂದು ಎಲೆಯನ್ನೂ ಊರಿಗೆ ತರಬೇಡಿ, ನಮ್ಮ 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಅದು ಅಪರಾಧ.

ನೀವು ಆರಿಸಿರುವ ಮೇ ತಿಂಗಳು ಒಳ್ಳೆಯದು. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಒಣಹವೆ, ರಾತ್ರಿ ಮಾತ್ರ ಕೊರೆಯುವ ಚಳಿ. ಜನವರಿ, ಫೆಬ್ರುವರಿಯಲ್ಲಿ ಮಳೆ ಜೋರು. 2010ರ ಜನವರಿಯಲ್ಲಿ ಪ್ರವಾಹ ಮತ್ತು ಭೂಕುಸಿತದಿಂದ ರೈಲುದಾರಿ ಕೊಚ್ಚಿಹೋಗಿ, ಸಾವಿರಾರು ಪ್ರವಾಸಿಗರು ಅಲ್ಲೇ ಸಿಕ್ಕಿಕೊಂಡಿದ್ದರು.

ಪ್ರಶ್ನೆ: ವೀಸಾ, ಚುಚ್ಚುಮದ್ದು, ಪ್ರವೇಶದ ಟಿಕೆಟ್, ಇವುಗಳಲ್ಲಿ ಯಾವುದನ್ನು ಮೊದಲು ಮಾಡಿಕೊಳ್ಳಬೇಕು?
ಓದುಗರು, ಗೌರಿಬಿದನೂರು

ಉತ್ತರ: ಮೊದಲು ವೀಸಾ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಯುರೋಪಿನ ಷೆಂಗೆನ್ ದೇಶಗಳ ವೀಸಾ ಇನ್ನೂ ಆರು ತಿಂಗಳಾದರೂ ಚಾಲ್ತಿಯಲ್ಲಿರುವ ಭಾರತೀಯರಿಗೆ ಪೆರು ಪ್ರವಾಸಿ ವೀಸಾದಿಂದ ವಿನಾಯಿತಿ ಕೊಟ್ಟಿದೆ. ಉಳಿದವರು ದೆಹಲಿಯ ರಾಯಭಾರ ಕಚೇರಿಗೆ ಅರ್ಜಿ ಹಾಕಬೇಕು. ಇಂಥ ನಿಯಮಗಳು ಬದಲಾಗುತ್ತಿರುವುದರಿಂದ, ವಿಮಾನಕ್ಕೆ ಹಣ ಕಟ್ಟುವ ಮುನ್ನ ರಾಯಭಾರ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಅಮೆರಿಕದ ಮೂಲಕ ಹೋದರೆ, ವಿಮಾನ ಬದಲಿಸುವುದಕ್ಕೂ ಆ ದೇಶದ ವೀಸಾ ಬೇಕಾಗುತ್ತದೆ.

ಚುಚ್ಚುಮದ್ದಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕುಸ್ಕೊ ಮತ್ತು ಮಾಚು ಪಿಚುವಿನ ಎತ್ತರದಲ್ಲಿ ಹಳದಿ ಜ್ವರದ ಭಯವಿಲ್ಲ, ಆದರೂ ಆ ಜ್ವರ ಇರುವ ದೇಶಗಳ ಪಟ್ಟಿಯಲ್ಲಿ ಪೆರು ಇರುವುದರಿಂದ, ಅಲ್ಲಿಂದ ಹೊರಟು 6 ದಿನಗಳೊಳಗೆ ಭಾರತಕ್ಕೆ ಮರಳುವವರ ಬಳಿ ಲಸಿಕೆಯ ಪ್ರಮಾಣಪತ್ರ ಇರಲೇಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿ ತಡೆದು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ಆರೋಗ್ಯಾಧಿಕಾರಿಗಳಿಗಿದೆ. ಲಸಿಕೆಯನ್ನು ಸರ್ಕಾರ ಮಾನ್ಯಮಾಡಿದ ಕೇಂದ್ರಗಳಲ್ಲಷ್ಟೇ ಕೊಡುತ್ತಾರೆ. ಹಾಕಿಸಿಕೊಂಡ 10 ದಿನಗಳ ನಂತರ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಆಮೇಲೆ ಅದು ಜೀವನಪೂರ್ತಿ ನಡೆಯುತ್ತದೆ. 60 ದಾಟಿದವರಲ್ಲಿ ಈ ಲಸಿಕೆಯಿಂದ ಅಡ್ಡಪರಿಣಾಮದ ಸಂಭವ ಹೆಚ್ಚು. ಕೋಲಾರದ ದಂಪತಿಗಳು ಇದನ್ನೂ ವೈದ್ಯರ ಮುಂದಿಡಬೇಕು.

ಮಾಚು ಪಿಚುವಿಗೆ ದಿನಕ್ಕೆ ಇಂತಿಷ್ಟೇ ಜನರಿಗೆ ಪ್ರವೇಶ. ಟಿಕೆಟಿನಲ್ಲಿ ಒಳಹೋಗುವ ವೇಳೆಯೂ ನಡೆಯಬೇಕಾದ ದಾರಿಯೂ ನಿಗದಿಯಾಗಿರುತ್ತವೆ. ಆದ್ದರಿಂದ ಮೊದಲು ಪ್ರವೇಶದ ಟಿಕೆಟ್ ಕೊಂಡು ಆಮೇಲೆ ಅದಕ್ಕೆ ಹೊಂದುವ ರೈಲನ್ನು ಕಾಯ್ದಿರಿಸಿ. ಶೌಚಾಲಯ ಇರುವುದು ದ್ವಾರದ ಹೊರಗೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಮಧುಗಿರಿಯ ಏಕಶಿಲಾ ಬೆಟ್ಟವನ್ನು ಎರಡು ಗಂಟೆಯೊಳಗೆ ಹತ್ತುತ್ತೇವೆ. ರೈಲು ಬೇಡ, ಇಂಕಾ ದಾರಿಯಲ್ಲಿ ನಡೆದೇ ಮಾಚು ಪಿಚು ತಲುಪಬೇಕೆಂಬ ಆಸೆ. ನಮ್ಮಿಂದ ಆದೀತೇ?
ಓದುಗರು, ತುಮಕೂರು

ಉತ್ತರ: ಆಗುತ್ತದೆ, ಆದರೆ ಮಧುಗಿರಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ನಾಲ್ಕು ದಿನಗಳ ಆ ದಾರಿ ಸುಮಾರು 43 ಕಿಲೋಮೀಟರ್. ಎರಡನೆಯ ದಿನ ನೀವು ಸುಮಾರು 3,000 ಮೀಟರಿನ ವೈಯಾಬಾಂಬಾ ಊರಿನಿಂದ 4,215 ಮೀಟರಿನ ವಾರ್ಮಿವನ್ಯುಸ್ಕಾ ಘಟ್ಟಕ್ಕೆ ಏರಬೇಕು. ಅಂದರೆ ಮಧುಗಿರಿಯ ತುದಿ ಸಮುದ್ರಮಟ್ಟದಿಂದ ಎಷ್ಟು ಮೇಲಿದೆಯೋ ಸುಮಾರು ಅಷ್ಟನ್ನು ಒಂದೇ ದಿನದಲ್ಲಿ, ಅದೂ ತೆಳುವಾದ ಗಾಳಿಯಲ್ಲಿ ಹತ್ತಬೇಕು. ಹೊರಡುವ ಮೊದಲು ಉರುಬಾಂಬಾ ಕಣಿವೆಯಲ್ಲೋ ಕುಸ್ಕೊದಲ್ಲೋ ಕನಿಷ್ಠ ಮೂರು ದಿನ ತಂಗಿ. ಏರುವುದಕ್ಕಿಂತ ಆಚೆಗೆ ಇಳಿಯುವ ಕಲ್ಲುಮೆಟ್ಟಿಲುಗಳೇ ಮಂಡಿಯನ್ನು ಹಣ್ಣುಮಾಡುತ್ತವೆ, ಆದ್ದರಿಂದ ಮಧುಗಿರಿಯಲ್ಲಿ ಇಳಿಯುವ ಅಭ್ಯಾಸಕ್ಕೆ ಹೆಚ್ಚು ಗಮನ ಕೊಡಿ.

ಈ ದಾರಿಯಲ್ಲಿ ಒಬ್ಬರೇ ಹೋಗುವಂತಿಲ್ಲ. ಪರವಾನಗಿ ಪಡೆದ ಸಂಸ್ಥೆಯ ಮೂಲಕವೇ ಹೋಗಬೇಕು. ದಿನಕ್ಕೆ 500 ಜನರಿಗೆ ಮಾತ್ರ ಅನುಮತಿ, ಅದರಲ್ಲಿ ಮಾರ್ಗದರ್ಶಿಗಳು, ಹೊರೆಯಾಳುಗಳು ಎಲ್ಲರೂ ಸೇರಿರುತ್ತಾರೆ. ಒಣಹವೆಯ ತಿಂಗಳುಗಳಿಗೆ ಆರು ತಿಂಗಳು ಮೊದಲೇ ಕಾಯ್ದಿರಿಸಬೇಕು. ಫೆಬ್ರುವರಿಯಲ್ಲಿ ದಾರಿ ಪೂರ್ತಿ ಮುಚ್ಚಿರುತ್ತದೆ. ನಿಮಗೊಂದು ವಿನಂತಿ: ಹೊರೆಯಾಳು ಹೊರುವ ತೂಕಕ್ಕೆ ಅಲ್ಲಿ ಕಾನೂನಿನ ಮಿತಿ ಇದೆ, ಅದನ್ನು ಪಾಲಿಸುವ ಸಂಸ್ಥೆಯನ್ನೇ ಆರಿಸಿ. ನಿಮ್ಮ ಡೇರೆಯನ್ನು ಹೊತ್ತು ನಿಮಗಿಂತ ಮುಂಚೆ ಆ ಏರನ್ನು ಹತ್ತುವವರು ಅವರೇ.

ಪ್ರಶ್ನೆ: ನಮ್ಮದು ಶುದ್ಧ ಸಸ್ಯಾಹಾರ. ಅಲ್ಲಿ ಊಟದ ಗತಿ ಏನು?
ಓದುಗರು, ಚಿಂತಾಮಣಿ

ಉತ್ತರ: ಹೆದರಬೇಕಾಗಿಲ್ಲ. ನಿಮ್ಮ ತಾಲ್ಲೂಕಿನ ಹೊಲದಲ್ಲಿ ಬೆಳೆಯುವ ಆಲೂಗಡ್ಡೆಯ ತವರೇ ಆ ಬೆಟ್ಟಗಳು. ಟೊಮೆಟೊದ ಕಾಡುಮೂಲವೂ ಅದೇ ಸೀಮೆಯದು. ಮುಸುಕಿನ ಜೋಳ, ಕಿನೋವಾ, ಬೆಣ್ಣೆಹಣ್ಣು, ನಮ್ಮ ದಂಟಿನ ಜಾತಿಯ ಕಿವಿಚಾ ಕಾಳು ಎಲ್ಲ ಕಡೆ ಸಿಗುತ್ತವೆ. ಎಚ್ಚರಿಕೆ ಬೇಕಾದದ್ದು ಸೂಪಿನ ವಿಷಯದಲ್ಲಿ, ತರಕಾರಿಯದೆಂದು ಕೊಟ್ಟರೂ ಅದರ ತಿಳಿ ಕೋಳಿಯದಾಗಿರಬಹುದು. ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ’ ಎಂದರೆ ಮಾಂಸ, ಕೋಳಿ, ಮೀನು ಯಾವುದೂ ಬೇಡವೆಂದು ಅರ್ಥ. ಇದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ.

ಪ್ರಶ್ನೆ: ಹಂಪಿಯನ್ನು ಹಲವು ಸಲ ನೋಡಿದ್ದೇವೆ. ಇಷ್ಟು ದೂರ ಹೋದಾಗ ಮಾಚು ಪಿಚುವಿನಲ್ಲಿ ಏನನ್ನು ಗಮನವಿಟ್ಟು ನೋಡಬೇಕು?
ಓದುಗರು, ಶಿರಾ

ಉತ್ತರ: ನೀರನ್ನು ನೋಡಿ. ಮಾಚು ಪಿಚುವನ್ನು ಕಟ್ಟಿಸಿದನೆನ್ನಲಾದ ಇಂಕಾ ಅರಸ ಪಚಕುತಿ ಪಟ್ಟಕ್ಕೆ ಬಂದದ್ದು 1438ರ ಸುಮಾರಿಗೆ, ಆಗ ವಿಜಯನಗರವನ್ನು ಆಳುತ್ತಿದ್ದವನು ಪ್ರೌಢದೇವರಾಯ. ಇಂಕಾಗಳ ಬಳಿ ಕಬ್ಬಿಣದ ಉಳಿಯಾಗಲಿ, ಗಾಲಿಯ ಬಂಡಿಯಾಗಲಿ ಇರಲಿಲ್ಲ. ಗಟ್ಟಿಕಲ್ಲಿನಿಂದ ಕಲ್ಲನ್ನೇ ಕುಟ್ಟಿ, ಗಾರೆಯಿಲ್ಲದೆ ಜೋಡಿಸಿದರು. ಬೆಟ್ಟದ ಒರತೆಯೊಂದರಿಂದ ಸುಮಾರು 750 ಮೀಟರ್ ಉದ್ದದ ಕಾಲುವೆಯಲ್ಲಿ ನೀರು ತಂದು, ಒಂದರ ಕೆಳಗೊಂದರಂತೆ 16 ಧಾರೆಗಳಲ್ಲಿ ಇಳಿಸಿದ್ದಾರೆ. ಒಂದು ಧಾರೆಯ ಎದುರು ಸ್ವಲ್ಪ ಹೊತ್ತು ನಿಲ್ಲಿ. ಕಲ್ಲಿನ ತುಟಿಯಲ್ಲಿ ಕೊರೆದ ಸಣ್ಣ ದೋಣಿಯಿಂದ ನೀರು ಗೋಡೆಗೆ ತಾಗದೆ, ಕಿರುಗುತ್ತಿಗೆಯ ಕೊಡದೊಳಗೆ ಸರಿಯಾಗಿ ಬೀಳುವಷ್ಟು ಸಣ್ಣ ಎಳೆಯಾಗಿ ಬೀಳುತ್ತದೆ. ಕೆಳಗಿನ ತೊಟ್ಟಿಯ ಮೂಲೆಯ ರಂಧ್ರದಿಂದ ಮುಂದಿನ ಧಾರೆಗೆ ಸಾಗುತ್ತದೆ. ಕೆರೆಯ ತೂಬು, ಕೋಡಿ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದರ ಹಿಂದಿನ ಲೆಕ್ಕಾಚಾರ ಬೇಗ ಅರ್ಥವಾಗುತ್ತದೆ. ಟಿಕೆಟ್ ಕೊಳ್ಳುವಾಗ ಈ ಧಾರೆಗಳ ಪಕ್ಕದಲ್ಲಿ ಹಾದುಹೋಗುವ ದಾರಿಯನ್ನೇ ಕೇಳಿ ಆರಿಸಿಕೊಳ್ಳಿ. ಎಲ್ಲ ದಾರಿಗಳೂ ಅಲ್ಲಿಗೆ ಬರುವುದಿಲ್ಲ.